ಕೀಚಕವಧ ನಾಟಕದ ಪ್ರತಿಬಂಧ

1910ನೆಯ ಇಸವಿಯ ಆರಂಭದಲ್ಲಿ ಮುಂಬಯಿ ಸರಕಾರವು ಒಂದು ಮರಾಠಿ ನಾಟಕದ ಪ್ರಯೋಗವನ್ನು ಪ್ರತಿಬಂಧಿಸಿತು. ನಾಟಕದ ಹೆಸರು ‘ಕೀಚಕವಧ’. ಅದರ ಕರ್ತೃಗಳು ಸಾಂಗಲಿಯ ಕೃಷ್ಣಾಜಿ ಪ್ರಭಾಕರ ಖಾಡಿಲಕರರು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಎಂಬ ನಾಲ್ಕು ಕನ್ನಡ ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವಾದ್ದರಿಂದ ಆ ಆಜ್ಞೆಯ ನೆರಳು ಈ ಸೀಮೆಯ ಮೇಲೆಯೂ ಬಿದ್ದಿತು. ನಾಟಕಕ್ಕೆ ಸರಕಾರದ ತಡೆ ಬರುವದು ಹೊಸ ಮಾತಲ್ಲ. ಆದರೆ ಇಲ್ಲಿ ರಂಗದಿಂದ ಇಳಿಸಲ್ಪಟ್ಟದ್ದು ಯಾವನೋ ಒಬ್ಬ ನವೀನ ಕವಿಯ ಕಲ್ಪನೆಯಲ್ಲ. ಭಗವಾನ್ ವ್ಯಾಸರ ಮಹಾಭಾರತದೊಳಗಿನ ಒಂದು ಉಪಪರ್ವ. ಬೇಸಗೆ ಮುಗಿದರೂ ಮುಗಿಲು ಕಪ್ಪಾಗದಿದ್ದರೆ ವಿರಾಟಪರ್ವವನ್ನು ಓದಿಸಬೇಕೆಂಬ ಪದ್ಧತಿ ಕನ್ನಡ ನಾಡಿನಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಗುಡಿಯ ಕಟ್ಟೆಯ ಮೇಲೆ ಮಳೆಯನ್ನು ಕರೆಯುವ ಪುಣ್ಯಕಥೆಯೇ ನಾಟಕಗೃಹದಲ್ಲಿ ರಾಜದ್ರೋಹವಾದದ್ದು ಹೇಗೆಂಬದು ವಿಚಾರಮಾಡತಕ್ಕ ಸಂಗತಿಯಾಗಿದೆ.

ಯಮಕನಮರಡಿಯು ಹುಕ್ಕೇರಿ ತಾಲೂಕಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಊರು. ದಾರಿ ಹಿಡಿದು ಬಡಗಲಿಗೆ ಹೋದರೆ ಸಂಕೇಶ್ವರ, ನಿಪ್ಪಾಣಿ, ಕೊಲ್ಲಾಪುರ. ತೆಂಕಲಿಗೆ ಹೋದರೆ ಬೆಳಗಾವಿ, ಧಾರವಾಡ. ಮೂಡಲಿಗೆ ಹೊರಳಿದರೆ ಗೋಕಾಕ, ಮೂಡಲಗಿ. ನಾಟ್ಯದ ವಿಷಯದಲ್ಲಿ ಈ ಸೀಮೆ ಬಡತನದ್ದಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ಊರು ಇಂದಿನ ಮೂಡಲಗಿ ತಾಲೂಕಿನಲ್ಲಿದೆ; ಅದೇ ಆಟದಲ್ಲಿ ನಾಡನ್ನೆಲ್ಲ ಮರುಳುಮಾಡಿದ ಕೌಜಲಗಿ ನಿಂಗಮ್ಮನೂ ಈ ಭಾಗದವಳೇ. ಮರಾಠಿ ನಾಟಕಕ್ಕೂ ಈ ಜಿಲ್ಲೆಗೂ ಇರುವ ನಂಟನ್ನು ಅನೇಕರು ಮರೆತಿದ್ದಾರೆ. 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು, ಅವರಿಗೆ ಆ ಸ್ಫೂರ್ತಿ ಬಂದದ್ದು ಉತ್ತರ ಕನ್ನಡದಿಂದ ಸಾಂಗಲಿಗೆ ಹೋಗಿದ್ದ ಭಾಗವತರ ಮೇಳದ ಆಟವನ್ನು ಕಂಡು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಅವರು ಬೆಳಗಾವಿಯಲ್ಲಿ ಶಿಕ್ಷಕರಾಗಿದ್ದಾಗ ಅವರ ಕೈಯಲ್ಲಿ ಕಲಿತವರು ಗೋವಿಂದ ಬಲ್ಲಾಳ ದೇವಲರು. ಈ ದೇವಲರೇ ಮುಂದೆ ‘ಶಾರದಾ’ ನಾಟಕವನ್ನು ಬರೆದರು. ಕನ್ನಡದ ಜಾತ್ರೆಯ ಆಟದಿಂದ ಹೊರಟ ಬಳ್ಳಿಯು ಮರಾಠಿಯ ಚಪ್ಪರಕ್ಕೆ ಹಬ್ಬಿ ತಿರುಗಿ ಇಲ್ಲಿಗೆ ಹೂವು ಚೆಲ್ಲಿದಂತಾಯಿತು. ‘ಶಾರದಾ’ ನಾಟಕದ ಹೆಸರು ಈ ಕಥೆಯಲ್ಲಿ ಮತ್ತೊಮ್ಮೆ, ಬೇಡವಾದ ಸಂದರ್ಭದಲ್ಲಿ, ಬರುವದಿದೆ.

ಮೊದಲು ಮೂಲದ ಪ್ರಸಂಗವನ್ನು ನೋಡಬೇಕು. ಯಾಕಂದರೆ ಖಾಡಿಲಕರರ ಬಾಣವು ವ್ಯಾಸರ ಬತ್ತಳಿಕೆಯಿಂದಲೇ ಬಂದದ್ದು. ಅಜ್ಞಾತವಾಸದ ವರ್ಷವು ಮುಗಿಯುವದಕ್ಕೆ ಕೆಲವೇ ದಿನಗಳು ಉಳಿದಿವೆ. ಮತ್ಸ್ಯರಾಜನ ಮೈದುನನೂ ಸೇನಾನಿಯೂ ಆದ ಕೀಚಕನು ಸೈರಂಧ್ರಿಯ ಮೇಲೆ ಕಣ್ಣು ಹಾಕುತ್ತಾನೆ. ಸುದೇಷ್ಣೆಯು ಸುರೆಯನ್ನು ತರುವ ನೆವದಿಂದ ಅವಳನ್ನು ಅವನ ಮನೆಗೆ ಕಳಿಸುತ್ತಾಳೆ. ಅವನ ಕೈ ಕೊಡಹಿ ಓಡಿದ ಅಬಲೆಯು ರಾಜಸಭೆಯನ್ನು ಹೊಕ್ಕರೆ, ಅಲ್ಲಿ ಅರಸನ ಕಣ್ಣೆದುರಿಗೇ ಕೀಚಕನು ಅವಳನ್ನು ಕಾಲಿನಿಂದ ಒದೆಯುತ್ತಾನೆ. ಅರಸನು ಸುಮ್ಮನಿರುತ್ತಾನೆ. ವಲಲನ ವೇಷದ ಭೀಮನು ಹಲ್ಲು ಕಡಿಯುತ್ತಾನೆ. ಕಂಕನ ವೇಷದ ಧರ್ಮರಾಯನು ಅವನನ್ನು ಸನ್ನೆಯಿಂದ ತಡೆದು, ಸೈರಂಧ್ರಿಯ ಕಡೆಗೆ ತಿರುಗಿ, ಕಾಲವನ್ನು ಅರಿಯದೆ ನಟಿಯಂತೆ ಸಭೆಯಲ್ಲಿ ಅಳಬೇಡ, ನಿನ್ನ ಗಂಧರ್ವಪತಿಗಳು ಇದು ಕೋಪಕ್ಕೆ ತಕ್ಕ ವೇಳೆಯಲ್ಲವೆಂದು ತಿಳಿದಿರಬೇಕು ಎಂಬರ್ಥದ ಮಾತನ್ನಾಡುತ್ತಾನೆ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಈ ಮಾತಿಗೆ ಎರಡು ಅರ್ಥಗಳಿವೆ. ಪಗಡೆಯ ಹಲಗೆಯ ಮುಂದೆ ಕುಳಿತ ವಿರಾಟನಿಗೆ ಕೇಳಿಸಿದ್ದು ಒಂದು: ಆಟಕ್ಕೆ ವಿಘ್ನ ಮಾಡುತ್ತಿರುವ ದಾಸಿಯೊಬ್ಬಳಿಗೆ ಸಭಾಸದನೊಬ್ಬನ ಗದರಿಕೆ. ದ್ರೌಪದಿಗೂ ಭೀಮನಿಗೂ ಕೇಳಿಸಿದ್ದು ಇನ್ನೊಂದು: ಗಡುವು ಮುಗಿಯುವ ತನಕ ತಾಳಿರಿ, ಅಪರಾಧಿಗೆ ಬಿಡುಗಡೆಯಿಲ್ಲ. ಅರಸನ ಇದಿರಿನಲ್ಲಿಯೇ, ಅರಸನಿಗೆ ತಿಳಿಯದಂತೆ, ಅವನ ಸೇನಾನಿಯ ಮರಣದ ವಿಷಯವು ಮಾತಿನೊಳಗೆ ಸುಳಿದುಹೋಯಿತು. ಆಲಂಕಾರಿಕರು ವಾಚ್ಯವೆಂದೂ ವ್ಯಂಗ್ಯವೆಂದೂ ಬೇರ್ಪಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಿ ತರಬೇಕಾದ ಕಾರಣವಿಲ್ಲ.

ಮುಂದಿನದು ಎಲ್ಲರೂ ಬಲ್ಲ ಕಥೆ. ನಡುರಾತ್ರಿಯಲ್ಲಿ ಅಡಿಗೆಮನೆಗೆ ಬಂದ ದ್ರೌಪದಿ, ನರ್ತನಶಾಲೆಯ ಸಂಕೇತ, ಕತ್ತಲೆಯಲ್ಲಿ ಹೆಣ್ಣೆಂದು ಮುಟ್ಟಿದವನಿಗೆ ಸಿಕ್ಕ ಭೀಮನ ತೋಳು. ಬೆಳಗಾದ ಮೇಲೆ ನೋಡಿದವರಿಗೆ ಕಂಡದ್ದು ಒಂದು ಮಾಂಸದ ಮುದ್ದೆ. ಕೊರಳೆಲ್ಲಿ, ಕೈಯೆಲ್ಲಿ, ಕಾಲೆಲ್ಲಿ, ತಲೆಯೆಲ್ಲಿ ಎಂದು ಕಾವಲಿನವರು ಹುಡುಕಿದರೆಂದು ವ್ಯಾಸರು ಹೇಳುವ ಭಾಗವು ಇಂದಿನ ಪೋಲೀಸರ ಪಂಚನಾಮೆಯನ್ನು ನೆನಪಿಗೆ ತರುತ್ತದೆ. ಕೊಂದವರು ಗಂಧರ್ವರೆಂದು ಊರು ನಂಬಿತು. ನೂರೈವರು ಉಪಕೀಚಕರೂ ಅದೇ ದಾರಿ ಹಿಡಿದರು. ಸುದೇಷ್ಣೆಯು ಹೆದರಿ ನೀನು ಇಲ್ಲಿಂದ ಹೊರಟುಹೋಗೆಂದರೆ, ಸೈರಂಧ್ರಿಯು ಇನ್ನು ಹದಿಮೂರು ದಿನ ತಾಳಿಕೊಳ್ಳಿರೆಂದು ಬೇಡಿದಳು.

ಕೊಲೆಗಾರನು ಯಾರೆಂಬ ಶೋಧವೂ ಈ ಕಥೆಗೆ ಅಂಟಿಕೊಂಡೇ ಬೆಳೆದಿದೆ. ಭಾಸನ ‘ಪಂಚರಾತ್ರ’ದಲ್ಲಿ, ಐದು ರಾತ್ರಿಗಳೊಳಗಾಗಿ ಪಾಂಡವರ ಸುಳಿವು ಸಿಕ್ಕರೆ ಅರ್ಧರಾಜ್ಯವನ್ನು ಕೊಡುವೆನೆಂದು ದುರ್ಯೋಧನನು ದ್ರೋಣರಿಗೆ ಮಾತು ಕೊಡುತ್ತಾನೆ. ಅಷ್ಟರಲ್ಲಿ ವಿರಾಟನಗರದಿಂದ ವಾರ್ತೆ ಬರುತ್ತದೆ: ನೂರು ಮಂದಿ ಕೀಚಕರು ರಾತ್ರಿಯಲ್ಲಿ, ಆಯುಧವಿಲ್ಲದೆ, ಬರಿಯ ತೋಳುಗಳಿಂದ ಹತರಾದರು. ಆ ಒಂದು ಲಕ್ಷಣವೇ ಭೀಷ್ಮರಿಗೆ ಸಾಕಾಗುತ್ತದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕನಂತೆ ಅವರು ಕೊಂದವನು ಭೀಮನೆಂದು ನಿಶ್ಚಯಿಸಿ, ಆ ಷರತ್ತಿಗೆ ಒಪ್ಪಿಕೊಳ್ಳಿರೆಂದು ದ್ರೋಣರಿಗೆ ಸೂಚಿಸುತ್ತಾರೆ. ಶತಮಾನಗಳ ವರೆಗೆ ಹೆಸರು ಮಾತ್ರವಾಗಿ ಉಳಿದಿದ್ದ ಭಾಸನ ನಾಟಕಗಳ ತಾಳೆಗರಿಗಳು ಗಣಪತಿಶಾಸ್ತ್ರಿಗಳಿಗೆ ತಿರುವಾಂಕೂರಿನಲ್ಲಿ ದೊರೆತದ್ದು 1909ರಲ್ಲಿ; ಅಚ್ಚಾಗಿ ಹೊರಬರತೊಡಗಿದ್ದು 1912ರಿಂದ. ಕೀಚಕನ ಕೊಲೆಯ ಒಂದು ನಾಟಕವು ದಕ್ಷಿಣದ ತುದಿಯಲ್ಲಿ ಬೆಳಕಿಗೆ ಬರುತ್ತಿದ್ದಾಗಲೇ ಇನ್ನೊಂದನ್ನು ಮುಂಬಯಿ ಇಲಾಖೆಯಲ್ಲಿ ಕತ್ತಲೆಗೆ ತಳ್ಳಲಾಯಿತು.

ಈಗ ಖಾಡಿಲಕರರ ಕಡೆಗೆ ತಿರುಗೋಣ. ಅವರು 1872ರಲ್ಲಿ ಸಾಂಗಲಿಯಲ್ಲಿ ಜನಿಸಿದವರು. ಲೋಕಮಾನ್ಯ ತಿಲಕರ ‘ಕೇಸರಿ’ ಪತ್ರಿಕೆಯಲ್ಲಿ ಅವರ ಬಲಗೈಯಾಗಿ ದುಡಿದವರು. 1905ರಲ್ಲಿ ಲಾರ್ಡ್ ಕರ್ಜನ್ನನು ಬಂಗಾಲವನ್ನು ಎರಡು ಹೋಳು ಮಾಡಿದ್ದರಿಂದ ದೇಶವೆಲ್ಲ ಕುದಿಯುತ್ತಿತ್ತು. 1907ರಲ್ಲಿ ಮಹಾರಾಷ್ಟ್ರ ನಾಟಕ ಮಂಡಳಿಯವರು ‘ಕೀಚಕವಧ’ವನ್ನು ರಂಗಕ್ಕೆ ತಂದಾಗ ಕರ್ಜನ್ನನು ಅಧಿಕಾರ ಬಿಟ್ಟು ಹೋಗಿ ಎರಡು ವರ್ಷಗಳಾಗಿದ್ದವು. ನಾಟಕದಲ್ಲಿ ಅವನ ಹೆಸರಿಲ್ಲ, ಬಂಗಾಲದ ಹೆಸರಿಲ್ಲ, ಇಂಗ್ಲಿಷರ ಹೆಸರಿಲ್ಲ. ಇರುವವರು ವಿರಾಟ, ಕೀಚಕ, ಸೈರಂಧ್ರಿ, ಕಂಕ, ವಲಲರು. ಆದರೂ ಕುಳಿತು ನೋಡುವವರಿಗೆಲ್ಲ ಕೀಚಕನೆಂದರೆ ಯಾರು, ಅವನು ಸೆರಗಿಗೆ ಕೈಹಾಕಿದ ಸೈರಂಧ್ರಿ ಯಾರು ಎಂಬದು ತಿಳಿದಿತ್ತು. ಬೇಡಿಕೊಂಡು ಕಾಯೋಣವೆನ್ನುವ ಧರ್ಮರಾಯನಲ್ಲಿ ಜನರು ಮವಾಳ ಪಕ್ಷವನ್ನೂ, ಮುಷ್ಟಿ ಬಿಗಿದ ಭೀಮನಲ್ಲಿ ಜಹಾಲ ಪಕ್ಷವನ್ನೂ ಕಂಡರು. ಅದೇ ವರ್ಷದ ಡಿಸೆಂಬರದಲ್ಲಿ ಸೂರತದ ಕಾಂಗ್ರೆಸ್ಸು ಇದೇ ಎರಡು ಪಕ್ಷಗಳ ಕಲಹದಿಂದ ಮುರಿದುಬಿತ್ತು.

ಈ ಬಗೆಯ ಮರೆಮಾತು ಕನ್ನಡಿಗರಿಗೆ ಹೊಸದಲ್ಲ. ಪಂಪನು 941ರಲ್ಲಿ ಅರ್ಜುನನ ಕಥೆಯನ್ನು ಹೇಳುತ್ತ ಅರಿಕೇಸರಿಯನ್ನು ಹೊಗಳಿದನು. ಮೂಡಲಗಿಗೆ ನೆರೆಯ ಸೀಮೆಯಾದ ಮುಧೋಳದ ರನ್ನನು ‘ಗದಾಯುದ್ಧ’ದಲ್ಲಿ ಭೀಮನಿಗೂ ಚಾಲುಕ್ಯ ಸತ್ಯಾಶ್ರಯನಿಗೂ ಅಭೇದವನ್ನು ಕಲ್ಪಿಸಿದನು. ಅಂತರವಿಷ್ಟೇ: ಅಲ್ಲಿ ಪುರಾಣವೀರನ ಮರೆಯಲ್ಲಿ ನಿಂತವನು ಹೊಗಳಿಸಿಕೊಂಡ ಅರಸನಾದ್ದರಿಂದ ಕವಿಗೆ ಸನ್ಮಾನ ದೊರೆಯಿತು, ಇಲ್ಲಿ ಪುರಾಣದ ಖಳನ ಮರೆಯಲ್ಲಿ ನಿಂತವನು ಬಯ್ಯಿಸಿಕೊಂಡ ಅಧಿಕಾರಿಯಾದ್ದರಿಂದ ನಾಟಕಕ್ಕೆ ಬಂದಿ ಬಂದಿತು.

ಮೂಲವನ್ನು ಪಾಠಕ್ರಮದಿಂದ ಓದಿದವರಿಗೆ ಇಲ್ಲಿ ಒಂದು ಅಸಮಾಧಾನ ಉಳಿಯದೆ ಇರದು. ವ್ಯಾಸರ ಧರ್ಮರಾಯನು ಹೇಡಿಯಲ್ಲ. ವನವಾಸದ ಹನ್ನೆರಡು ವರ್ಷಗಳ ಕಷ್ಟವು ಒಂದು ಗಳಿಗೆಯ ಕೋಪದಿಂದ ಮಣ್ಣುಗೂಡಬಾರದೆಂದು ತನ್ನ ಹೆಂಡತಿಯ ಅಪಮಾನವನ್ನು ನುಂಗಿ ಕುಳಿತವನು ಅವನು. ಅವನ ಮಾತಿನ ಗೂಢಾರ್ಥವು ಭೀಮನ ಮುಷ್ಟಿಗಿಂತ ಕಡಿಮೆಯ ಆಯುಧವಲ್ಲ. ಅಂಥವನನ್ನು ಅರ್ಜಿ ಹಿಡಿದು ನಿಂತ ಮುಂದಾಳುಗಳಿಗೆ ಹೋಲಿಸಿದ್ದರಿಂದ ಸಭೆಯ ಚಪ್ಪಾಳೆ ಸಿಕ್ಕಿತು, ಪಾತ್ರಕ್ಕೆ ಮಾತ್ರ ಅನ್ಯಾಯವಾಯಿತು. ಆದರೆ ರಾಜಕಾರಣದ ಕಾವಿನಲ್ಲಿ ಬರೆದ ಕೃತಿಯಿಂದ ಭಾಷ್ಯಕಾರನ ತಾಳ್ಮೆಯನ್ನು ಬಯಸುವದೂ ನ್ಯಾಯವಲ್ಲ.

1908ರ ಜುಲೈದಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಸಾಗಿಸಿದರು. ‘ಕೇಸರಿ’ಯ ಹೊಣೆಯು ಖಾಡಿಲಕರರ ಹೆಗಲಿಗೆ ಬಂದಿತು. ನಾಟಕವು ಮುಂದುವರಿದೇ ಇತ್ತು. ಬಳಿಕ 1909ರ ಡಿಸೆಂಬರ 21ರಂದು ನಾಸಿಕದಲ್ಲಿ ನಡೆಯಬಾರದ್ದು ನಡೆಯಿತು. ಅಲ್ಲಿಯ ಕಲೆಕ್ಟರರಾಗಿದ್ದ ಜಾಕ್ಸನ್ ಸಾಹೇಬರಿಗೆ ವರ್ಗವಾಗಿತ್ತು. ಅವರ ಬೀಳ್ಕೊಡುಗೆಯ ಸಲುವಾಗಿ ವಿಜಯಾನಂದ ನಾಟಕಗೃಹದಲ್ಲಿ ದೇವಲರ ‘ಶಾರದಾ’ ನಾಟಕವನ್ನು ಏರ್ಪಡಿಸಿದ್ದರು. ಒಳಗೆ ಬಂದ ಕಲೆಕ್ಟರರನ್ನು ಅನಂತ ಕಾನ್ಹೇರೆ ಎಂಬ ತರುಣನು ಗುಂಡಿಕ್ಕಿ ಕೊಂದನು. ಈ ಜಾಕ್ಸನ್ನರು ಸಂಸ್ಕೃತವನ್ನು ಬಲ್ಲವರಾದ್ದರಿಂದ ಜನರು ಅವರನ್ನು ‘ಪಂಡಿತ ಜಾಕ್ಸನ್’ ಎಂದು ಕರೆಯುತ್ತಿದ್ದರು. ವಿರಾಟಪರ್ವವನ್ನು ಮೂಲದಲ್ಲಿಯೇ ಓದಬಲ್ಲಂಥ ಒಬ್ಬ ಇಂಗ್ಲಿಷನು ನಾಟಕಗೃಹದಲ್ಲಿ ಪ್ರಾಣ ಬಿಟ್ಟನೆಂಬದು ವಿಧಿಯ ವಿಪರೀತವೇ ಸರಿ. ಕಾನ್ಹೇರೆಯನ್ನೂ ಅವನ ಇಬ್ಬರು ಸಂಗಡಿಗರನ್ನೂ 1910ರ ಏಪ್ರಿಲದಲ್ಲಿ ಠಾಣೆಯ ತುರಂಗದಲ್ಲಿ ಗಲ್ಲಿಗೇರಿಸಿದರು.

ಆ ರಾತ್ರಿ ರಂಗದ ಮೇಲಿದ್ದದ್ದು ಮುದುಕನೊಬ್ಬನಿಗೆ ಎಳೆಯ ಹುಡುಗಿಯನ್ನು ಮದುವೆಮಾಡಿಕೊಡುವ ದುಷ್ಟರೂಢಿಯನ್ನು ಖಂಡಿಸುವ ನಾಟಕ. ಅದರಲ್ಲಿ ಕೊಲೆಯಿಲ್ಲ, ರಾಜಕಾರಣವಿಲ್ಲ. ಮುಂದಿನ ತಿಂಗಳು ಪ್ರತಿಬಂಧ ಬಂದದ್ದು ‘ಶಾರದಾ’ಕ್ಕಲ್ಲ, ‘ಕೀಚಕವಧ’ಕ್ಕೆ. ಕೊಲೆಯಾದ ರಾತ್ರಿ ನಡೆದ ನಾಟಕವು ನಿರಪರಾಧಿಯೆಂದು ಸರಕಾರಕ್ಕೆ ತಿಳಿದೇ ಇತ್ತು. ಅವರ ಸಂಶಯವು ಕೊಲ್ಲುವದನ್ನು ಧರ್ಮವೆಂದು ತೋರಿಸುವ ನಾಟಕದ ಮೇಲಿತ್ತು. ಹಾಗೆ ಸಂಶಯಪಡಲಿಕ್ಕೆ ಅವರಿಗೆ ಕಾರಣವೇ ಇರಲಿಲ್ಲವೆಂದು ಇಂದು ಕುಳಿತು ಹೇಳುವದು ಸುಲಭವಾದರೂ ಪ್ರಾಮಾಣಿಕವಾಗದು.

ಆದರೆ ಕಾಯದೆಯ ಮುಂದೆ ಸಾಕ್ಷ್ಯವೇನು? ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವ್ಯಾಲೆಂಟೈನ್ ಚಿರೋಲನು 1910ರಲ್ಲಿ ಪ್ರಕಟಿಸಿದ ‘ಇಂಡಿಯನ್ ಅನ್‌ರೆಸ್ಟ್’ ಎಂಬ ಗ್ರಂಥದಲ್ಲಿ ಈ ನಾಟಕದ ವಿವರವಿದೆ. ಕರ್ಜನ್ನನ ಹೆಸರು ಎಲ್ಲಿಯೂ ಉಚ್ಚರಿಸಲ್ಪಟ್ಟಿಲ್ಲವೆಂಬದನ್ನು ಅಲ್ಲಿಯೇ ಒಪ್ಪಿಕೊಂಡಿದೆ. ಆ ವರ್ಣನೆಯು ಬೊಟ್ಟುಮಾಡಿ ತೋರಿಸುವದು ನಾಟಕದ ವಾಕ್ಯಗಳನ್ನಲ್ಲ, ಪ್ರೇಕ್ಷಕರ ಮೋರೆಗಳನ್ನು. ಕೀಚಕನ ಅತ್ಯಾಚಾರವನ್ನು ಕಂಡು ಗಂಟಿಕ್ಕಿದ ಗಂಡಸರ ಹುಬ್ಬು, ದ್ರೌಪದಿಯ ಮೊರೆಯನ್ನು ಕೇಳಿ ಹೊಳೆಯುವ ಹೆಂಗಸರ ಕಣ್ಣು, ವಧೆಯಾದೊಡನೆ ಸಭೆಯಲ್ಲೆಲ್ಲ ಎದ್ದ ತೃಪ್ತಿಯ ಮರ್ಮರ: ಆರೋಪಪತ್ರಿಕೆಯೆಂದರೆ ಇದೇ. ವ್ಯಂಗ್ಯಾರ್ಥವು ಶಬ್ದದಲ್ಲಿಲ್ಲ, ಸ್ಥಳ, ಕಾಲ, ಕೇಳುವವನು ಇವುಗಳ ಬಲದಿಂದ ಸಹೃದಯನ ಎದೆಯಲ್ಲಿ ಹೊಳೆಯುತ್ತದೆಂದು ಆನಂದವರ್ಧನನು ಕಾಶ್ಮೀರದಲ್ಲಿ ಕುಳಿತು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿದ್ದನು. ಅವನ ಪಕ್ಷಕ್ಕೆ ಮುಂಬಯಿ ಸರಕಾರದಷ್ಟು ದೊಡ್ಡ ಸಾಕ್ಷಿ ಮತ್ತೊಂದು ಸಿಗಲಿಕ್ಕಿಲ್ಲ.

ಸರಕಾರದ ಕೈಯಲ್ಲಿದ್ದ ಆಯುಧವು 1876ರ ನಾಟ್ಯಪ್ರಯೋಗಗಳ ಕಾಯದೆ. ಅದರ ಹುಟ್ಟೂ ಕೌತುಕದ್ದೇ. ವೇಲ್ಸ್ ರಾಜಕುಮಾರನು ಕಲಕತ್ತೆಗೆ ಬಂದಾಗ ಜಗದಾನಂದ ಮುಖರ್ಜಿ ಎಂಬ ವಕೀಲನು ಅವನನ್ನು ಮನೆಗೆ ಕರೆದು ಅಂತಃಪುರದಲ್ಲಿ ಸತ್ಕರಿಸಿದನು. ಊರಿನವರು ಮೂಗು ಮುರಿದರು. ಗ್ರೇಟ್ ನ್ಯಾಷನಲ್ ಥಿಯೇಟರಿನವರು ಕೂಡಲೇ ‘ಗಜದಾನಂದ’ ಎಂಬ ಪ್ರಹಸನವನ್ನು ಆಡಿದರು. ವೈಸರಾಯ ನಾರ್ಥಬ್ರೂಕನು ಫೆಬ್ರುವರಿ ಮುಗಿಯುವದರೊಳಗೆ ತುರ್ತಿನ ಆಜ್ಞೆ ಹೊರಡಿಸಿದನು. ವರ್ಷದ ಕೊನೆಗೆ ಅದು ಕಾಯದೆಯಾಯಿತು. ಅದರ 3ನೆಯ ಕಲಮಿನಂತೆ ಮಾನಹಾನಿಕರವಾದ, ಸರಕಾರದ ಮೇಲೆ ಅಪ್ರೀತಿ ಹುಟ್ಟಿಸಬಹುದಾದ, ನೋಡುವವರ ನಡತೆಯನ್ನು ಕೆಡಿಸಬಹುದಾದ ಯಾವ ನಾಟಕವನ್ನಾದರೂ ನಿಲ್ಲಿಸಬಹುದು. ಮೀರಿದವರಿಗೆ ಮೂರು ತಿಂಗಳ ವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಮ್ಯಾಜಿಸ್ಟ್ರೇಟನ ವಾರಂಟು ಹಿಡಿದು ಪೋಲೀಸರು ಒಳಹೊಕ್ಕು ನಟರನ್ನು ಹಿಡಿಯಬಹುದು. ಪರದೆ, ಉಡುಪು ಮುಂತಾದ ಸಾಮಾನುಗಳನ್ನು ಜಪ್ತಿಮಾಡಬಹುದು. ಭೀಮನ ಗದೆಯೂ ಮುದ್ದೆಮಾಲು.

ಆದರೆ ಈ ಬಿಗಿಯಾದ ಕಾಯದೆಗೆ 12ನೆಯ ಕಲಮೊಂದು ಬಾಗಿಲಿನಂತೆ ತೆರೆದುಕೊಂಡಿತ್ತು: ಜಾತ್ರೆಗಳಿಗೂ ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಅಂಥ ಆಟಗಳಿಗೂ ಈ ಕಾಯದೆಯು ಅನ್ವಯಿಸುವದಿಲ್ಲ! ಬಂಗಾಲದ ‘ಜಾತ್ರಾ’ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಶಬ್ದವದು. ಧರ್ಮದಲ್ಲಿ ಕೈಹಾಕಿದರೆ 1857ರ ಗಾಯ ಮತ್ತೆ ಕೆದರೀತೆಂಬ ಎಚ್ಚರವು ಆ ಕಾಲದ ಆಳರಸರಿಗೆ ಇದ್ದೇ ಇತ್ತು. ಫಲವೇನಾಯಿತೆಂದರೆ, ಬೆಳಗಾವಿಯಲ್ಲಿ ತಿಕೀಟು ಕೊಂಡು ಕುರ್ಚಿಯ ಮೇಲೆ ಕುಳಿತು ಕೀಚಕವಧೆಯನ್ನು ನೋಡುವದು ಅಪರಾಧದ ಮಾತಾಯಿತು. ದೇವರ ಉತ್ಸವದಲ್ಲಿ ನೆಲದ ಮೇಲೆ ಕುಳಿತು ಅದನ್ನೇ ನೋಡುವದಕ್ಕೆ ಅಡ್ಡಿಯಿರಲಿಲ್ಲ. ಅದೇ ಮುಂಬಯಿ ಇಲಾಖೆಗೆ ಸೇರಿದ್ದ ಉತ್ತರ ಕನ್ನಡದಲ್ಲಿ ಯಕ್ಷಗಾನದ ‘ಕೀಚಕವಧೆ’ ಪ್ರಸಂಗವು ಬಹು ಜನಪ್ರಿಯವಾದದ್ದು. ಯಾವ ಮೇಳದಿಂದ ಭಾವೆಯವರು ನಾಟಕವನ್ನು ಕಲಿತರೋ ಆ ಮೇಳದ ಆಟವು ಕಾಯದೆಯ ಹೊರಗೆ ಉಳಿಯಿತು, ಆ ಮೇಳದಿಂದ ಹುಟ್ಟಿದ ನಾಟಕವು ಕಾಯದೆಯ ಬಲೆಗೆ ಬಿದ್ದಿತು.

ಬೆಳಗಾವಿಯ ಪ್ರೇಕ್ಷಕರು ವ್ಯಂಗ್ಯಾರ್ಥವನ್ನು ಹಿಡಿಯಲಾರದವರೇನಲ್ಲ. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ತಿಲಕರ ಆಪ್ತ ಅನುಯಾಯಿಗಳು, ‘ಕೇಸರಿ’ಯನ್ನು ಓದುವ ಮನೆಗಳು ಈ ಜಿಲ್ಲೆಯಲ್ಲಿ ಕಡಿಮೆಯಿರಲಿಲ್ಲ, ಮಂಡಾಲೆಯಿಂದ ಬಿಡುಗಡೆಯಾದ ಲೋಕಮಾನ್ಯರು 1916ರ ಏಪ್ರಿಲದಲ್ಲಿ ಹೋಮರೂಲ ಸಂಘವನ್ನು ಸ್ಥಾಪಿಸಿದ್ದು ಬೆಳಗಾವಿಯಲ್ಲಿಯೇ. ಇಂಥ ನೆಲದಲ್ಲಿ ಕೀಚಕನು ಬಿದ್ದಾಗ ಏಳುವ ಮರ್ಮರವು ಪುಣೆಯದಕ್ಕಿಂತ ಸಣ್ಣದಾಗುತ್ತಿರಲಿಲ್ಲ.

ಪ್ರತಿಬಂಧದ ಬಳಿಕ ಕೀಚಕನು ಬೇರೆ ದಾರಿಯನ್ನು ಹಿಡಿದನು. ಮದ್ರಾಸಿನಲ್ಲಿ ಮೋಟಾರಿನ ಬಿಡಿಭಾಗಗಳ ವ್ಯಾಪಾರ ಮಾಡುತ್ತಿದ್ದ ನಟರಾಜ ಮುದಲಿಯಾರರು 1917–18ರ ಸುಮಾರಿಗೆ ‘ಕೀಚಕವಧಂ’ ಎಂಬ ಮೂಕಚಿತ್ರವನ್ನು ತೆಗೆದರು. ದಕ್ಷಿಣ ಹಿಂದುಸ್ಥಾನದಲ್ಲಿ ತಯಾರಾದ ಮೊದಲನೆಯ ಕಥಾಚಿತ್ರವಿದು. ಮುದಲಿಯಾರರಿಗೆ ಯಂತ್ರದ ವಿದ್ಯೆಯನ್ನು ಕಲಿಸಿದವನು ಪುಣೆಯಲ್ಲಿದ್ದ ಸ್ಟುವರ್ಟ್ ಸ್ಮಿತ್ ಎಂಬ ಇಂಗ್ಲಿಷನು. ಅವನು ಅದಕ್ಕೂ ಮೊದಲು ಕೆಲಸ ಮಾಡಿದ್ದು ಲಾರ್ಡ್ ಕರ್ಜನ್ನನ ಚರಿತ್ರೆಯನ್ನು ತೋರಿಸುವ ಚಿತ್ರದಲ್ಲಿ. ಕರ್ಜನ್ನನಿಗೂ ಕೀಚಕನಿಗೂ ಋಣಾನುಬಂಧ ಅಷ್ಟು ಸುಲಭವಾಗಿ ಹರಿಯುವಂಥದಲ್ಲವೆಂದು ತೋರುತ್ತದೆ. ಮದ್ರಾಸಿನ ಸೆಕೆಗೆ ಪಟ್ಟಿ ಕೆಡುವದೆಂದು ಮುದಲಿಯಾರರು ತಂಪು ಹವೆಯ ಬೆಂಗಳೂರಿನಲ್ಲಿ ಪ್ರಯೋಗಶಾಲೆಯನ್ನು ಮಾಡಿ ಅಲ್ಲಿ ಅದನ್ನು ತೊಳೆಯಿಸಿದರು. ಇಷ್ಟು ಜೋಪಾನಮಾಡಿದ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದನ್ನು ಯಾವ ಸರಕಾರವೂ ಅಳಿಸಲಿಲ್ಲ. ಕಾಪಾಡುವವರಿಲ್ಲದೆ ಅದು ತಾನಾಗಿಯೇ ಹೋಯಿತು.

ಯಮಕನಮರಡಿಗೆ ಹತ್ತಿರದ ಕೊಲ್ಲಾಪುರದಲ್ಲಿ ಬಾಬುರಾವ ಪೇಂಟರರು 1920ರಲ್ಲಿ ‘ಸೈರಂಧ್ರಿ’ ಚಿತ್ರವನ್ನು ಹೊರತಂದರು. ಅದನ್ನು ಮೆಚ್ಚಿ ತಿಲಕರು ಅವರಿಗೆ ‘ಸಿನೆಮಾ ಕೇಸರಿ’ ಎಂಬ ಬಿರುದನ್ನು ಕೊಟ್ಟರು. ಅದರಲ್ಲಿ ಭೀಮನು ಕೀಚಕನನ್ನು ಕೊಲ್ಲುವ ದೃಶ್ಯವು ನಿಜವೋ ಎಂಬಷ್ಟು ಭೀಕರವಾಗಿತ್ತಾದ್ದರಿಂದ ಅದನ್ನು ಕತ್ತರಿಸಬೇಕಾಯಿತು. ಈ ಕತ್ತರಿಯ ವಿಷಯದಲ್ಲಿ ಮಾತ್ರ ಹಳೆಯ ಶಾಸ್ತ್ರಕಾರರು ಸರಕಾರದ ಪಕ್ಷಕ್ಕೇ ನಿಂತಾರು. ವಧೆಯನ್ನೂ ಯುದ್ಧವನ್ನೂ ರಂಗದ ಮೇಲೆ ಪ್ರತ್ಯಕ್ಷ ತೋರಿಸಬಾರದು, ಸೂಚಿಸಬೇಕು ಎಂಬದು ‘ದಶರೂಪಕ’ದ ವಿಧಿ. ವ್ಯಾಸರೂ ಕೊಲೆಗೆ ಕತ್ತಲೆಯ ನರ್ತನಶಾಲೆಯನ್ನೇ ಆರಿಸಿಕೊಂಡಿದ್ದಾರೆ. ಕೊಲ್ಲಾಪುರದಲ್ಲಿ ಹುಟ್ಟಿದ ಪ್ರಭಾತ ಕಂಪನಿಯ ಶಾಂತಾರಾಮರು 1933ರಲ್ಲಿ ಇದೇ ‘ಸೈರಂಧ್ರಿ’ಯನ್ನು ಬಣ್ಣದಲ್ಲಿ ತೆಗೆದು ಜರ್ಮನಿಯಲ್ಲಿ ಪ್ರತಿಗಳನ್ನು ಮಾಡಿಸಿದರೂ ಬಣ್ಣವು ಸರಿಯಾಗಿ ಹತ್ತಲಿಲ್ಲ.

ಅಮೇರಿಕದ ಒಂದು ಉದಾಹರಣೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿಯ ದೂರದರ್ಶನದಲ್ಲಿ 1968ರಿಂದ 1980ರ ವರೆಗೆ ‘ಹವಾಯಿ ಫೈವ್-ಓ’ ಎಂಬ ಅಪರಾಧಶೋಧದ ಧಾರಾವಾಹಿ ನಡೆಯಿತು. ಅದರ ಒಂದು ಕಂತನ್ನು 1970ರ ಜನೇವರಿ 7ರಂದು ತೋರಿಸಿದವರು ಮತ್ತೆ ತೋರಿಸಲಿಲ್ಲ. ಮುಂದೆ ಆ ವರ್ಷದ ಕಂತುಗಳನ್ನೆಲ್ಲ ತಟ್ಟೆಗಳಲ್ಲಿ ಮಾರುವಾಗಲೂ ಅದೊಂದನ್ನು ಬಿಟ್ಟರು. ಅದರಲ್ಲಿ ತೋರಿಸಿದ ಪ್ರಾಣಾಪಾಯದ ಕೃತ್ಯವನ್ನು ನೋಡುಗನೊಬ್ಬನು ಅನುಕರಿಸಿ ಸತ್ತನೆಂಬದು ಅದಕ್ಕೆ ಹೇಳಿಬಂದ ಕಾರಣ. ಅಲ್ಲಿ ಅಂಜಿದ್ದು ವಾಚ್ಯಕ್ಕೆ, ಅಂದರೆ ಕಣ್ಣಿಗೆ ಕಂಡದ್ದನ್ನು ಹಾಗೆಯೇ ಮಾಡಿಯಾರೆಂಬದಕ್ಕೆ. ಇಲ್ಲಿ ಅಂಜಿದ್ದು ವ್ಯಂಗ್ಯಕ್ಕೆ. ಅಲ್ಲಿ ಕಂತಿಗೆ ಒಡೆಯನಿದ್ದನು, ಅವನು ಪೆಟ್ಟಿಗೆಗೆ ಬೀಗ ಹಾಕಿದರೆ ಕೆಲಸ ತೀರಿತು. ಕೀಚಕವಧೆಗೆ ಒಡೆಯನಿಲ್ಲ. ಖಾಡಿಲಕರರ ಹಸ್ತಪ್ರತಿಯನ್ನು ಹಿಡಿಯಬಹುದು. ಗದುಗಿನ ನಾರಣಪ್ಪನ ಭಾರತವನ್ನು ಬಾಯಿಪಾಠ ಮಾಡಿದವನ ನಾಲಿಗೆಗೆ ಹಾಕುವ ಬೀಗವನ್ನು ಯಾವ ಕಮ್ಮಾರನೂ ಮಾಡಿಲ್ಲ.

ಹಾಗೆಂದು ಸರಕಾರವು ಪೂರಾ ಸೋತಿತೆಂದು ಹೇಳಲಾಗದು. ಕಥೆಯು ಉಳಿಯಿತು, ಆದರೆ ಅವರು ಅಂಜಿದ್ದು ಕಥೆಗಲ್ಲವಷ್ಟೆ. 1907ರಿಂದ 1910ರ ವರೆಗೆ ಒಂದು ಸಭಾಗೃಹದಲ್ಲಿ ಕುಳಿತ ಜನರಿಗೆ ಹೊಳೆದ ಅರ್ಥವೊಂದಿತ್ತು, ಅದು ಕಾಗದದ ಮೇಲಿರಲಿಲ್ಲ. ಮುಂದೆ ಪ್ರತಿಬಂಧವು ಹೋದ ಬಳಿಕ ನಾಟಕವನ್ನು ಯಾರು ಬೇಕಾದರೂ ಓದಬಹುದಾಯಿತು, ಆಡಬಹುದಾಯಿತು. ಆಗ ಕರ್ಜನ್ನನೂ ಇರಲಿಲ್ಲ, ಹುಬ್ಬು ಗಂಟಿಕ್ಕುವವರೂ ಇರಲಿಲ್ಲ. ಖಾಡಿಲಕರರು ತಾವೂ ‘ಮಾನಾಪಮಾನ’, ‘ಸ್ವಯಂವರ’ ಮುಂತಾದ ಸಂಗೀತ ನಾಟಕಗಳ ಕಡೆಗೆ ಹೊರಳಿ ಆ ಕೀರ್ತಿಯಿಂದಲೇ ಹೆಚ್ಚು ಪ್ರಸಿದ್ಧರಾದರು. 1948ರಲ್ಲಿ, ಸ್ವತಂತ್ರವಾದ ದೇಶವನ್ನು ಕಣ್ಣಾರೆ ಕಂಡು, ತೀರಿಕೊಂಡರು. ಕರಾವಳಿಯ ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕೀಚಕನ ಪಾತ್ರದಿಂದಲೇ ಮನೆಮಾತಾದರು. ಅವರನ್ನು ನೋಡಲು ಕೂಡಿದವರು ಕೀಚಕನು ಸಾಯಲೆಂದು ಹಲ್ಲು ಕಡಿಯಲಿಲ್ಲ. ಇನ್ನಷ್ಟು ಹೊತ್ತು ಕುಣಿಯಲೆಂದು ಬಯಸಿದರು. ರಸಾಭಾಸವನ್ನೂ ರಸದಂತೆ ಸವಿಯುವದು ಸುಭಿಕ್ಷದ ಕಾಲದ ಸೌಖ್ಯ.

1876ರ ಕಾಯದೆಯು ಸ್ವರಾಜ್ಯ ಬಂದ ಮೇಲೆಯೂ ಎಪ್ಪತ್ತು ವರ್ಷ ಪುಸ್ತಕದಲ್ಲಿ ಉಳಿದಿತ್ತು. ಪಾರ್ಲಿಮೆಂಟು ಅಂಗೀಕರಿಸಿದ ರದ್ದತಿಯ ಕಾಯದೆಗೆ 2018ರ ಜನೇವರಿಯಲ್ಲಿ ರಾಷ್ಟ್ರಪತಿಗಳ ಸಮ್ಮತಿ ದೊರೆತಾಗ ಅದು ಹಳೆಯ ಇತರ ಕಾಯದೆಗಳ ಗುಂಪಿನಲ್ಲಿ ಸದ್ದಿಲ್ಲದೆ ಹೋಯಿತು. ಅದಕ್ಕೆ ಎಷ್ಟೋ ಮೊದಲೇ, 1988ರ ಅಕ್ಟೋಬರ 2ರಿಂದ 1990ರ ಜೂನ 24ರ ವರೆಗೆ, ರವಿವಾರದ ಮುಂಜಾನೆ ಚೋಪ್ರಾ ಅವರ ‘ಮಹಾಭಾರತ’ವು 94 ಕಂತುಗಳಲ್ಲಿ ದೂರದರ್ಶನದ ಮೇಲೆ ಬಂದಿತು. ಕೀಚಕನ ವಧೆಯೂ ಅದರಲ್ಲಿತ್ತು. ಎಂಬತ್ತು ವರ್ಷಗಳ ಹಿಂದೆ ಸರಕಾರವೊಂದು ನಿಲ್ಲಿಸಿದ ಪ್ರಸಂಗವನ್ನು ಈಗ ಸರಕಾರದ ಯಂತ್ರವೇ ದೇಶದ ಮನೆಮನೆಗೆ ಮುಟ್ಟಿಸಿತು. ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ಓಣಿಯೇ ನೆರೆದು ನೋಡುವ ಕಾಲವದು. ಭೀಮನ ತೋಳಿನಲ್ಲಿ ಕೀಚಕನು ನುಗ್ಗಾದಾಗ ಮಕ್ಕಳು ಕೈ ತಟ್ಟಿದರು, ಹಿರಿಯರು ಕೈ ಮುಗಿದರು. ಬಳಿಕ ಎಲ್ಲರೂ ಊಟಕ್ಕೆದ್ದರು.